ಕೇಬಲ್ ಸತಾಯಿಸಿದರೆ: ಫೋನಿನಿಂದ ಉಬುಂಟುಗೆ ಫೈಲ್ ಹಾಕಲು

ಕಲೋತ್ಸವದ ಫೋಟೊ, ವಿಡಿಯೊಗಳನ್ನು ಫೋನಿನಿಂದ ಶಾಲೆಯ ಉಬುಂಟು ಲ್ಯಾಪ್‌ಟಾಪಿಗೆ ಹಾಕಬೇಕಾದ ಮಾಸ್ಟ್ರು, ಟೀಚರುಗಳಿಗೆ: ಕೇಬಲ್ ಬದಿಗಿಟ್ಟು ಫೋನನ್ನೇ ಎಫ್‌ಟಿಪಿ ಸರ್ವರ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ವ್ಯವಸ್ಥೆ) ಮಾಡಿ. ಮೊಬೈಲ್ ಡೇಟಾ ಆಫ್ ಮಾಡಿ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಮೆಟೀರಿಯಲ್ ಫೈಲ್ಸ್‌ನಂಥ ಆ್ಯಪಿನಲ್ಲಿ ಎಫ್‌ಟಿಪಿ ಸರ್ವರ್ ಶುರು ಮಾಡಿ, ಅಲ್ಲಿ ಕಾಣುವ ವಿಳಾಸವನ್ನು ಲ್ಯಾಪ್‌ಟಾಪಿನ ಫೈಲ್ಸ್ ಕಿಟಕಿಯಲ್ಲಿ 'ಕನೆಕ್ಟ್ ಟು ಸರ್ವರ್' ಜಾಗಕ್ಕೆ ಹಾಗೆಯೇ ಹಾಕಿ. ಕೊನೆಯ 2121 ಬಿಡಬೇಡಿ, ಅದು ಪೋರ್ಟ್, ಅಂದರೆ ಸಂಪರ್ಕದ ಬಾಗಿಲಿನ ಸಂಖ್ಯೆ. ರೂಟ್ ಮಾಡದ (ಫೋನಿನ ಪೂರ್ಣ ಹಿಡಿತ ತೆರೆಯದ) ಆಂಡ್ರಾಯ್ಡಿನಲ್ಲಿ ಆ್ಯಪುಗಳಿಗೆ 1024ಕ್ಕಿಂತ ಕೆಳಗಿನ ಪೋರ್ಟ್ ಸಿಗುವುದಿಲ್ಲ, ಅದಕ್ಕೇ ಈ ದೊಡ್ಡ ಸಂಖ್ಯೆ. ಸಂಖ್ಯೆ ಬಿಟ್ಟರೆ ಲ್ಯಾಪ್‌ಟಾಪ್ ಮಾಮೂಲಿ 21ನ್ನೇ ತಟ್ಟಿ, 'ರಿಫ್ಯೂಸ್ಡ್' ಎಂದು ವಾಪಸಾಗುತ್ತದೆ. ಕೇಬಲ್ ಹಾಕಿದಾಗ ಬಳಕೆಯಾಗುವ ಎಂಟಿಪಿ ಎಂಬ ವಿಧಾನದಲ್ಲಿ ಫೋಲ್ಡರ್ ತೆರೆಯಲು ಒಂದೊಂದು ಫೈಲಿನ ವಿವರವನ್ನೂ ಫೋನಿಗೆ ಕೇಳಬೇಕು, ಸಾವಿರಾರು ಫೋಟೊ ಇರುವ ಕ್ಯಾಮೆರಾ ಫೋಲ್ಡರ್ ಒದ್ದಾಡುವುದು ಅದಕ್ಕೇ. ಎಫ್‌ಟಿಪಿಯಲ್ಲಿ ಇಡೀ ಪಟ್ಟಿ ಒಮ್ಮೆಗೇ ಬರುತ್ತದೆ. ನೆಟ್ ಖರ್ಚಾಗುವುದಿಲ್ಲ, ಹಾಗಾಗಿ ರೇಂಜ್ ಇಲ್ಲದ ಮೂಲೆಯಲ್ಲೂ ನಡೆಯುತ್ತದೆ. ಕೆಲವು ಆ್ಯಪುಗಳು ಹಾಟ್‌ಸ್ಪಾಟನ್ನು ವೈಫೈ ಎಂದು ಒಪ್ಪದೆ ಶುರುವೇ ಆಗುವುದಿಲ್ಲ, ಆಗ ಬೇರೆ ಆ್ಯಪ್ ನೋಡಿ. ಬ್ಯಾಟರಿ ಸೇವರ್ ಆನ್ ಇದ್ದರೆ ಸ್ಕ್ರೀನ್ ಆರಿದಾಗ ಸರ್ವರ್ ನಿಂತು ವಿಡಿಯೊ ಅರ್ಧಕ್ಕೇ ಉಳಿಯಬಹುದು. ಫೋನಿನ ಮೂಲಪ್ರತಿ ಅಳಿಸುವ ಮುಂಚೆ ಎರಡೂ ಕಡೆಯ ಫೈಲ್ ಸೈಜ್ ಹೋಲಿಸಿ. ಎಫ್‌ಟಿಪಿಗೆ ಗೂಢಲಿಪಿಯ ರಕ್ಷಣೆ ಇಲ್ಲ. ಮಕ್ಕಳ ಫೋಟೊಗಳನ್ನು ಊರಿಗೆಲ್ಲ ತೆರೆದ ವೈಫೈಯಲ್ಲಿ ಹೀಗೆ ಕಳಿಸಲೇಬೇಡಿ, ಕೆಲಸ ಮುಗಿದ ಕೂಡಲೇ ಸರ್ವರ್ ನಿಲ್ಲಿಸಿ.