ಬಾಡಿಗಿ ಕೇಳಾಕ ಹೋಗಿ ನಾ ಕಲ್ತದ್ದು

ಬೆಳಗಾವ್ಯಾಗ ನಾ ಮನಿ ಬಾಡಿಗಿ ಸರ್ವೇ ಮಾಡೇನ್ರಿ. ಕಾರ್ಮಿಕರ ಬೆಲೆ ಸೂಚ್ಯಂಕ, ಸಿಪಿಐ-ಐಡಬ್ಲ್ಯೂ ಅಂತಾರಲ್ಲ, ಕಾರ್ಮಿಕರ ಮನಿ ಖರ್ಚಿನ ಬೆಲೆ ಎಷ್ಟು ಏರಿತು ಅಂತ ತೋರಸೂ ಲೆಕ್ಕ, ಅದಕ್ಕ. ದೇಶದಾಗ 88 ಕೇಂದ್ರ ಅದಾವ, ಬೆಳಗಾವಿನೂ ಅದರಾಗ ಒಂದು. 2016ರ ಸರಣಿಯೊಳಗ ವಸತಿಗೆ 16.87 ಪರ್ಸೆಂಟ್ ತೂಕ, ಅಂದ್ರ ಒಟ್ಟು ಲೆಕ್ಕದಾಗ ಅಷ್ಟು ಪಾಲು ಕೊಟ್ಟಾರ, ಸಣ್ಣ ಮಾತಲ್ಲ ಅದು.

ಬಾಗಲಾ ಬಡಿದ್ರ ಮಂದಿ ಮೊದಲ ಕೇಳೂದು ಟ್ಯಾಕ್ಸ್ ಹಾಕಾಕ ಬಂದೀರೇನು ಅಂತ, ಇಲ್ಲಂದ್ರ ಇಲ್ಲಿ ಸೈಟ್ ರೇಟ್ ಎಷ್ಟಾತು ಅಂತ. ಸೈಟ್ ರೇಟ್ ಇದರಾಗ ಬರೂದೇ ಇಲ್ರಿ, ಬಾಡಿಗಿ ಅಷ್ಟ. ಮನಿ ಖರೀದಿ ಬೆಲೆದು ಲೆಕ್ಕನ ಬ್ಯಾರೆ, ರಿಸರ್ವ್ ಬ್ಯಾಂಕು ರಿಜಿಸ್ಟ್ರೇಶನ್ ದಾಖಲೆ ತಗೊಂಡು ತನ್ನ ಸೂಚ್ಯಂಕ ಮಾಡತೈತಿ.

ನಮ್ಮ ಕೆಲಸದಾಗ ಒಂದ ನಿಯಮ: ಆರು ತಿಂಗಳಿಗೊಮ್ಮೆ ಅದೇ ಮನಿಗೆ ಹೋಗಬೇಕು. ಹಿಂದಿನ ಸಲದ ಬಾಡಿಗಿ ಎಷ್ಟು, ಈಗ ಎಷ್ಟು, ಎರಡರ ಅನುಪಾತ ತಗೀಬೇಕು. ಕೇಳಾಕ ಸಸಾರ ಅನಸ್ತೈತಿ ಖರೆ, ನಾ ತಪ್ಪಿದ್ದೂ ಅಲ್ಲೇ.

ಬೆಳಗಾವಿದ ವಡಗಾವ್ಯಾಗ ಒಬ್ಬ ನೇಕಾರರ ಮನಿ, ಹಿಂದಿನ ಸಲ ಬಾಡಿಗಿ 3,500 ಇತ್ತು, ಈ ಸಲ 4,500 ಅಂದ್ರು, ನಾನೂ ಹಂಗ ಬರಕೊಂಡು ಫಾರ್ಮ್ ಕೊಟ್ಟು ಬಂದೆ. ಮೇಲ್ವಿಚಾರಕರು ನೋಡಿ ಕೇಳಿದ್ದು ಒಂದ ಮಾತು: "ಮನಿ ಅದ ಐತೇನು?" ಮತ್ತ ಹೋದೆ. ಒಳಗ ಕರದು ತೋರಿಸಿದ್ರು, ಮಾಲಕರು ಮಗ್ಗ ಮಾರಿ ಆ ಖೋಲಿನೂ ಬಾಡಿಗಿಯವ್ರಿಗೆ ಬಿಟ್ಟಿದ್ರು, ನೆಲದಾಗ ಮಗ್ಗದ ಕುಣಿ ಮುಚ್ಚಿದ ಸಿಮೆಂಟ್ ಇನ್ನೂ ಹಸೀನ ಇತ್ತು. ಅಂದ್ರ ಬಾಡಿಗಿ ಏರಿದ್ದಲ್ಲ, ಮನಿ ದೊಡ್ಡದಾಗಿತ್ತು. ನಾ ಬರದದ್ದು ಹಂಗ ಹೋಗಿದ್ರ ಹಿಂದಿನ ಬಾಡಿಗಿ 100 ಅಂತ ಹಿಡಿದ್ರ ಆ ಮನಿಗೆ ಈಗ 128.6 ಬೀಳತಿತ್ತು. ಕಡೀಕ ಅದನ್ನ ಬಿಟ್ಟು ಅದೇ ಓಣ್ಯಾಗ ಅಂಥದ್ದ ಎರಡು ಖೋಲಿ ಮನಿ ಹುಡುಕಿದ್ವಿ, ಆರು ತಿಂಗಳ ಹಿಂದಿನ ಬಾಡಿಗಿನೂ ಕೇಳಿ ತಗೊಂಡ್ವಿ, 3,400 ಇದ್ದದ್ದು 3,600, ಅಂದ್ರ 105.9.

ಒಂದ ಮನಿ ತಪ್ಪಿದ್ರ ಏನ ಆಕ್ಕೈತಿ ಅನ್ನಬ್ಯಾಡ್ರಿ. ವಸತಿ ಸೂಚ್ಯಂಕ ಬದಲಾಗೂದು ಜನವರಿ ಮತ್ತ ಜುಲೈದಾಗ ಅಷ್ಟ, ತಪ್ಪು ಹೊಕ್ಕರ ಆರು ತಿಂಗಳು ಅಲ್ಲೇ ಕುಂದರತೈತಿ, ಮುಂದಿನ ಅನುಪಾತನೂ ಅದರ ಮ್ಯಾಲೇನ ಗುಣಿಸ್ತಾರ, ಹಿಂಗಾಗಿ ಅದು ತಾನಾಗೇ ಹೊರಗ ಹೋಗೂದಿಲ್ಲ. ಕೇಂದ್ರ ಸರ್ಕಾರಿ ನೌಕರರ ಡಿಎ, ಅಂದ್ರ ತುಟ್ಟಿಭತ್ಯೆ, ನಿಂತಿದ್ದೂ ಇದ ಸೂಚ್ಯಂಕದ 12 ತಿಂಗಳ ಸರಾಸರಿ ಮ್ಯಾಲ, ಸರ್ಕಾರದ ಪಗಾರದ ಖರ್ಚು ಅಲ್ಲಿಂದ ಏರತೈತಿ.

ಅವತ್ತಿಂದ ನಾ ಬಾಡಿಗಿ ಕೇಳೂಕಿಂತ ಮೊದಲ ಖೋಲಿ ಎಣಸ್ತೀನಿ. ಆಮ್ಯಾಲ ನಳ, ಲೈಟ್ ಬಿಲ್ ಬಾಡಿಗ್ಯಾಗ ಸೇರೈತೋ ಬ್ಯಾರೇನೋ ಕೇಳತೀನಿ. ರೊಕ್ಕದ ಮಾತು ಕಡೀಕ.