ಫಾರ್ಮ್ ಶೇರ್ ಸೇರುವ ಮುಂಚೆ ನನ್ನ ಪಾಡು ಕೇಳಿ

ಬಾಸ್ಟನ್ ಕಡೆಗೆ ಹೊಸದಾಗಿ ಬಂದವರು ಮೊದಲು ಮನೆ ಬಾಡಿಗೆ ವಿಚಾರಿಸುತ್ತಾರೆ. ಆಮೇಲೆ ಕೇಳುವುದು, "ಒಳ್ಳೆ ಸೊಪ್ಪು ಎಲ್ಲಿ ಸಿಗುತ್ತೆ?" ಅಂತ. ಹತ್ತಿರದ ಯಾವುದಾದರೂ ಹೊಲದಲ್ಲಿ ಪಾಲು ತಗೊಳ್ಳಿ ಅನ್ನುತ್ತೇನೆ. ಇಲ್ಲಿ ಅದಕ್ಕೆ ಸಿಎಸ್‌ಎ (ಕಮ್ಯೂನಿಟಿ ಸಪೋರ್ಟೆಡ್ ಅಗ್ರಿಕಲ್ಚರ್) ಅಂತಾರೆ, ಫಾರ್ಮ್ ಶೇರ್ ಅಂತಲೂ ಅಂತಾರೆ. ಚಳಿಗಾಲದಲ್ಲೇ ಇಡೀ ಹಂಗಾಮಿನ ದುಡ್ಡು ಕೊಟ್ಟುಬಿಡಬೇಕು. ರೈತರು ಆ ದುಡ್ಡಲ್ಲಿ ಬೀಜ, ಗೊಬ್ಬರ ತರುತ್ತಾರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ, ಸುಮಾರು 20 ವಾರ, ಬೆಳೆದದ್ದರಲ್ಲಿ ನಿಮ್ಮ ಪಾಲು ನಿಮಗೆ. ಅಮೆರಿಕದಲ್ಲಿ ಇದು ಶುರುವಾಗಿದ್ದು 1986ರಲ್ಲಿ, ನಮ್ಮ ಈ ಸೀಮೆಯಲ್ಲೇ. ಮ್ಯಾಸಚೂಸೆಟ್ಸ್‌ನ ಇಂಡಿಯನ್ ಲೈನ್ ಫಾರ್ಮ್ ಒಂದು, ನ್ಯೂ ಹ್ಯಾಂಪ್‌ಷೈರ್‌ನ ಟೆಂಪಲ್-ವಿಲ್ಟನ್ ಇನ್ನೊಂದು. (ಇಂಡಿಯನ್ ಅಂದರೆ ನಾವಲ್ಲ, ಖುಷಿಪಡಬೇಡಿ.)

ನಾನು ಸೇರಿದ್ದು 2009ರ ಫೆಬ್ರವರಿಯಲ್ಲಿ. ಹೊರಗೆ ಮೊಣಕಾಲುದ್ದ ಹಿಮ. ಹಸಿರು ಕಂಡು ಮೂರು ತಿಂಗಳಾಗಿತ್ತು. ಹಸಿದವಳು ಸಂತೆಗೆ ಹೋದ ಹಾಗೆ ಪೂರ್ತಿ ಪಾಲನ್ನೇ ತಗೊಂಡೆ. ಮನೆಯಲ್ಲಿ ನಾವಿಬ್ಬರು, ಎರಡು ವರ್ಷದ ಮಗಳು. ಪೂರ್ತಿ ಪಾಲು ಅಂದರೆ ನಾಲ್ಕೈದು ಜನ ದಿನಾ ಅಡುಗೆ ಮಾಡಿ ಉಣ್ಣುವಷ್ಟು ತರಕಾರಿ. ನೀವು ಅರ್ಧ ಪಾಲು ತಗೊಳ್ಳಿ. ಇಲ್ಲವೇ ಇನ್ನೊಂದು ಮನೆಯವರ ಜೊತೆ ಸೇರಿ ಹಂಚಿಕೊಳ್ಳಿ.

ಎರಡನೇ ದಡ್ಡತನ ಇನ್ನೂ ದೊಡ್ಡದು. ನಾವು ಊರಿಗೆ ಹೋಗುವುದು ಯಾವಾಗ? ಇಲ್ಲಿನ ಬೇಸಿಗೆ ರಜೆಯಲ್ಲಿ, ಅಲ್ವಾ? ಹೊಲ ತುಂಬಿ ತುಳುಕುವುದೂ ಆಗಲೇ. ಮುಂದಿನ ವರ್ಷ ಆರು ವಾರ ಹಾಸನದಲ್ಲಿ ಕೂತು, ಇಲ್ಲಿ ಯಾರದೋ ಪಾಲಾಗುತ್ತಿದ್ದ ಬೀನ್ಸ್ ಲೆಕ್ಕ ಹಾಕಿದೆ. ಹಾಗಾಗಿ ರಜೆ ವಾರಗಳ ಪಾಲನ್ನು ಮುಂದಕ್ಕೆ ಹಾಕಲು ಬಿಡುತ್ತಾರಾ, ನಿಮ್ಮ ಬದಲು ಬೇರೆಯವರು ಹೋಗಿ ತರಬಹುದಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ. ಡಬ್ಬಿ ಅವರೇ ತುಂಬಿಡುತ್ತಾರಾ, ನಾವೇ ಆರಿಸಿಕೊಳ್ಳಬಹುದಾ, ಅದನ್ನೂ ಕೇಳಿ. ನಾವೇ ಹೊಲಕ್ಕಿಳಿದು ಕೊತ್ತಂಬರಿ, ಮೆಣಸಿನಕಾಯಿ ಕೀಳಲು ಬಿಡುವ ಕಡೆಯಾದರೆ ಎರಡು ಮೈಲಿ ಜಾಸ್ತಿಯಾದರೂ ಅಲ್ಲಿಗೇ ಹೋಗಿ. ಫಾರಂ, ಚೆಕ್ಕು, ಅದೆಲ್ಲ ಐದು ನಿಮಿಷದ ಕೆಲಸ.

ಬೆಂಡೆ, ಹೀರೆ, ಪಡವಲ ಬರುತ್ತೆ ಅಂತ ಕಾಯಬೇಡಿ. ಜೂನಲ್ಲಿ ಬರೀ ಕೇಲ್, ಚಾರ್ಡ್ ಅನ್ನೋ ಸೊಪ್ಪು, ಮೂಲಂಗಿ, ನವಿಲುಕೋಸು. ನವಿಲುಕೋಸು ಕಂಡರೆ ಇಲ್ಲಿನವರು ಏನು ಮಾಡೋದಪ್ಪಾ ಅಂತ ಮುಖ ನೋಡುತ್ತಾರೆ. ನಮಗೆ ಅದು ಸಾಂಬಾರಿಗೆ, ಎಲೆ ಪಲ್ಯಕ್ಕೆ. ಚಾರ್ಡ್ ಮಸ್ಸೊಪ್ಪಿಗೆ ಚೆನ್ನಾಗಿ ಹೊಂದುತ್ತೆ. ಕೇಲ್ ಮಾತ್ರ ಎಷ್ಟು ಬೇಯಿಸಿದರೂ ಬಗ್ಗುವುದಿಲ್ಲ, ಸಣ್ಣಗೆ ಹೆಚ್ಚಿ ತೆಂಗಿನಕಾಯಿ ಹಾಕಿ ಹೇಗೋ ಹೊಟ್ಟೆಗೆ ಕಳಿಸಬೇಕು.

ನಿಜವಾದ ನಿಧಿ ಇದ್ದದ್ದು ಡಬ್ಬಿಯಲ್ಲಲ್ಲ. ಒಂದು ದಿನ ಸಾಲುಗಳ ಮಧ್ಯೆ ನೋಡಿದರೆ, ಕಿತ್ತು ರಾಶಿ ಹಾಕಿದ ಕಳೆ. ಹರಿವೆ, ಚಕ್ಕೋತ, ಗೋಣಿ ಸೊಪ್ಪು. ನಮ್ಮ ಅಜ್ಜಿ ಹೊಲದ ಬದುವಿನಲ್ಲಿ ಆಯ್ದು ಮಡಿಲಲ್ಲಿ ಕಟ್ಟಿ ತರುತ್ತಿದ್ದ ಬೆರಕೆ ಸೊಪ್ಪು! ಒಯ್ಯಲಾ ಅಂದೆ. ರೈತ ಮಹಾತಾಯಿ ನಕ್ಕು, ಬೇಕಾದಷ್ಟು ಒಯ್ಯಿ ಅಂದಳು. ಆ ರಾತ್ರಿ ಬಸ್ಸಾರು. ನೀವೂ ಕೇಳಿಯೇ ಕೀಳಿ, ಗುರುತು ಗೊತ್ತಿದ್ದರೆ ಮಾತ್ರ ತಿನ್ನಿ. ಗೋಣಿ ಸೊಪ್ಪಿನ ಥರವೇ ನೆಲಕ್ಕೆ ಹರಡುವ ಇನ್ನೊಂದು ಗಿಡವಿದೆ. ಮುರಿದಾಗ ಹಾಲು ಬಂದರೆ ಬಿಸಾಡಿ.

ಈಗ ಹೇಳಲು ನಾಚಿಕೆಯಾಗುವ ಮಾತು. ಆ 2009ರ ಬೇಸಿಗೆ ಇಲ್ಲಿ ಮಳೆಯೋ ಮಳೆ, ಚಳಿ. ಟೊಮೇಟೊ ಗಿಡಗಳಿಗೆ ಲೇಟ್ ಬ್ಲೈಟ್ ತಗುಲಿತು. ದೊಡ್ಡ ಅಂಗಡಿಗಳಲ್ಲಿ ಮಾರಿದ ಸಸಿಗಳ ಜೊತೆಗೂ ರೋಗ ಊರೂರಿಗೆ ಹೋಗಿತ್ತು. ಒಂದೇ ವಾರದಲ್ಲಿ ಸಾಲು ಸಾಲು ಗಿಡ ಕಪ್ಪಾಗಿ ಜೋತುಬಿದ್ದವು. ನಾನು ಏನು ಮಾಡಿದೆ? ಟೊಮೇಟೊ ಬರಲಿಲ್ಲ, ದುಡ್ಡು ವಾಪಸ್ ಕೊಡಿ ಅಂತ ಇಮೇಲ್ ಬರೆದೆ. ಅದನ್ನು ಜಂಬದಿಂದ ಫೋನಲ್ಲಿ ಅಪ್ಪನಿಗೂ ಹೇಳಿದೆ. ಗಿಡ ಹೇಗಿತ್ತು ಅಂತ ಅಪ್ಪ ಕೇಳಿದರು. ಹೇಳಿದೆ. "ಅದು ಅಂಗಮಾರಿ ಕಣವ್ವ," ಅಂದರು.

ಹಾಸನದ ಆಲೂಗಡ್ಡೆಯವರಿಗೆ ಆ ಹೆಸರು ಸಾಕು. ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆಗೆ ಸಾಲ ಮಾಡಿ, ಜೂನಲ್ಲಿ ಹಾಕಿ, ಜಡಿಮಳೆ ಹಿಡಿದರೆ ಎದೆ ಬಡಿದುಕೊಳ್ಳುತ್ತಾ ಕೂರುವುದು. ಟೊಮೇಟೊಗೂ ಆಲೂಗಡ್ಡೆಗೂ ಅದೇ ಬೂಷ್ಟು, ಅದೇ ರೋಗ. "ನಮ್ ಗೆಡ್ಡೆ ಕೊಳೆತಾಗ ನಾನ್ಯಾರ ಹತ್ರ ದುಡ್ಡು ವಾಪಸ್ ಕೇಳ್ದೆ? ಪಾಲು ಅಂದ್ಮೇಲೆ ಅಂಗಮಾರೀಲೂ ಪಾಲೇ ಅಲ್ವೇನವ್ವ?" ಅಂದರು ಅಪ್ಪ. ಮಾರನೇ ದಿನ ಕ್ಷಮೆ ಕೇಳಿ ಇನ್ನೊಂದು ಇಮೇಲ್ ಬರೆದೆ. ನಾನು ರೈತನ ಮಗಳು ಅಂತ ಮಾತ್ರ ಅದರಲ್ಲಿ ಬರೆಯಲಿಲ್ಲ. ಬರೆಯಲು ಮುಖ ಇರಲಿಲ್ಲ.

ಅಪ್ಪ ಹೋದ ಮೇಲೆ ಅಣ್ಣ ಆ ಜಮೀನನ್ನು ಶುಂಠಿಗೆ ಗುತ್ತಿಗೆ ಕೊಟ್ಟ. ನಾನಂತೂ ಬೇಡ ಅನ್ನುವ ಹಾಗಿರಲಿಲ್ಲ. ಬಂದು ಉಳುವವಳಾ ನಾನು? ಮಗಳಿಗೆ "ನಮ್ಮ ಫಾರ್ಮ್" ಅಂದರೆ ಈ ಮ್ಯಾಸಚೂಸೆಟ್ಸ್‌ನದ್ದೇ. ಹತ್ತು ವರ್ಷದವಳಿದ್ದಾಗ ಊರಿಗೆ ಕರೆದುಕೊಂಡು ಹೋಗಿದ್ದೆ. ಬದುವಿನ ಮೇಲೆ ನಿಂತು, ಇದು ತಾತನ ಹೊಲ ಅಂತ ಏನೇನೋ ಹೇಳುತ್ತಿದ್ದೆ. ಅವಳು ಬಗ್ಗಿ ಒಂದು ಕಡ್ಡಿ ಕಿತ್ತಳು. ಮುರಿದು ಹಾಲು ಬರುತ್ತಾ ನೋಡಿದಳು. "ಅಮ್ಮಾ, ನಮ್ಮ ಫಾರ್ಮ್ ಗೋಣಿ ಸೊಪ್ಪು ಇಲ್ಲೂ ಇದೆ!"

ಈ ವರ್ಷ ಅವಳು ಕಾಲೇಜಿಗೆ ಹೋಗಿದ್ದಾಳೆ. ಅರ್ಧ ಪಾಲೂ ನಮ್ಮಿಬ್ಬರಿಗೆ ಜಾಸ್ತಿಯೇ. ಹತ್ತಿರದಲ್ಲಿರುವವರು ಬಂದರೆ ಹಂಚಿಕೊಳ್ಳೋಣ. ಗುರುವಾರ ಸಂಜೆ ಆರರೊಳಗೆ ತರಬೇಕು, ಚೀಲ ನೀವೇ ತನ್ನಿ. ಕೇಲ್ ಪೂರ್ತಿ ನಿಮಗೇ ಬಿಟ್ಟಿದ್ದು.