ಮೊದಲ ಮಾತು ಯಾರಿಗೆ? ಸಂಘದ ಸಭೆ ನಡೆಸುವವರಿಗೆ

ಸಭೆ ನಡೆಸಲು ದೊಡ್ಡ ಗಂಟಲು ಬೇಕಿಲ್ಲ. ಮಾತು ಯಾರಿಂದ ಶುರುವಾಗಬೇಕು, ಯಾರಲ್ಲಿ ಮುಗಿಯಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ನಾನು ಸಕಲೇಶಪುರ, ಆಲೂರು ಕಡೆ ಸಣ್ಣ ಕಾಫಿ ಬೆಳೆಗಾರರ ಗುಂಪುಗಳಿಗೂ ಮಹಿಳಾ ಸಂಘಗಳಿಗೂ ಸಭೆ ನಡೆಸಿಕೊಡುತ್ತೇನೆ. ಹೊಸದಾಗಿ ಅಧ್ಯಕ್ಷರಾದ ಹೆಣ್ಣುಮಕ್ಕಳು, "ಅಕ್ಕಾ, ನಂಗೆ ಭಾಷಣ ಮಾಡಕ್ಕೆ ಬರಲ್ಲ" ಅಂತ ಹೆದರುತ್ತಾರೆ. ಬರದಿದ್ದರೆ ಒಳ್ಳೆಯದೇ. ನಡೆಸುವವರು ಜಾಸ್ತಿ ಮಾತಾಡಿದಷ್ಟೂ ಬಂದವರು ಸುಮ್ಮನೆ ಕೂರುತ್ತಾರೆ.

ಮೊದಲು ಹೊತ್ತು ನೋಡಿಕೊಳ್ಳಿ. ಅರೇಬಿಕಾ ಹಣ್ಣು ಕುಯ್ಯುವ ನವೆಂಬರ್‌ನಿಂದ ಜನವರಿವರೆಗೆ ಸಂಜೆ ಸಭೆ ಇಟ್ಟರೆ ತೋಟದ ಕೆಲಸಕ್ಕೆ ಹೋದವರು ಬರುವುದಿಲ್ಲ. ಬಂದರೂ ಮನಸ್ಸು ಮನೆಯ ಒಲೆಯ ಕಡೆ ಇರುತ್ತದೆ. ನಮ್ಮ ಕಡೆ ಆನೆ ಓಡಾಟ ಬೇರೆ. ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರುವ ಹಾಗೆ ಮುಗಿಸಲೇಬೇಕು. "ಯಾವ ಹೊತ್ತು ಅನುಕೂಲ?" ಅಂತ ಅಧ್ಯಕ್ಷರನ್ನು ಕೇಳಬೇಡಿ. ಎಲ್ಲರಿಗಿಂತ ದೂರದಿಂದ ನಡೆದು ಬರುವವರನ್ನು ಕೇಳಿ.

ಕೂರುವುದು ಸುತ್ತಲೂ ಜಮಖಾನೆ ಮೇಲೆ. ಮೊಣಕಾಲು ನೋವಿನವರಿಗೆ ಕುರ್ಚಿ ಕೊಡಿ, ಆದರೆ ಅದೂ ಅದೇ ಸುತ್ತಿನಲ್ಲಿರಲಿ. ಮುಂದೆ ಒಂದು ಮೇಜು, ಅದರ ಹಿಂದೆ ನಾಲ್ಕು ಕುರ್ಚಿ ಹಾಕಿದರೆ ಯಾರು ಮಾತಾಡಬೇಕು ಅನ್ನುವುದು ಆಗಲೇ ತೀರ್ಮಾನ ಆಗಿರುತ್ತದೆ.

ಇನ್ನು ಪ್ರಶ್ನೆ. ಹಿಂದಿನ ರಾತ್ರಿ ಕೂತು ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ. ಅದಕ್ಕೆ ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ. ಬೆಳೆಗಾರರ ಗುಂಪಿನಲ್ಲಿ "ಎಲ್ಲರೂ ಸೇರಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತಗೊಳ್ಳೋಣ್ವಾ, ಬೇಡ್ವಾ?" ಅಂತ ಕೇಳಿ ನೋಡಿ. ಎರಡೇ ನಿಮಿಷದಲ್ಲಿ ಎರಡು ಪಾರ್ಟಿ ಆಗುತ್ತದೆ. ಆಮೇಲೆ ಯಾರೂ ಪಲ್ಪರ್ ಬಗ್ಗೆ ಯೋಚಿಸುವುದಿಲ್ಲ, ತಮ್ಮ ಪಾರ್ಟಿ ಗೆಲ್ಲುವುದರ ಬಗ್ಗೆ ಯೋಚಿಸುತ್ತಾರೆ. ಅದರ ಬದಲು ಹೀಗೆ ಕೇಳಿ: "ಹಣ್ಣು ಕುಯ್ದ ಸಂಜೆಯಿಂದ ಚೀಲ ಹೊಲಿಯುವವರೆಗೆ ನಿಮಗೆ ಎಲ್ಲಿ ಜಾಸ್ತಿ ನಷ್ಟ ಆಯ್ತು?" ಇದಕ್ಕೆ ಪ್ರತಿಯೊಬ್ಬರ ಹತ್ತಿರವೂ ಉತ್ತರ ಇದೆ. ಕುಯ್ದ ದಿನವೇ ಪಲ್ಪ್ ಮಾಡದಿದ್ದರೆ ಹಣ್ಣು ಹುಳಿ ಹಿಡಿಯುತ್ತದೆ ಅಂತ ಒಬ್ಬರು ಹೇಳುತ್ತಾರೆ. ಕಣ ಸಾಲದೆ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದ ಬೀಜ) ಒಣಗಲಿಲ್ಲ ಅಂತ ಇನ್ನೊಬ್ಬರು. ಅಕಾಲದ ಮಳೆಗೆ ಟಾರ್ಪಾಲ್ ಇರಲಿಲ್ಲ ಅಂತ ಮತ್ತೊಬ್ಬರು. ಪಲ್ಪರ್ ಬೇಕೋ ಬೇಡವೋ ಅನ್ನುವುದು ಇದರೊಳಗಿಂದಲೇ ತಾನಾಗಿ ಹೊರಗೆ ಬರುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನು ಕಲಿಯಬೇಕು. ಇದೇ ಎಲ್ಲಕ್ಕಿಂತ ಕಷ್ಟ. ನಿಧಾನಕ್ಕೆ ಹತ್ತು ಉಸಿರು ಎಣಿಸಿ. ಆ ಮೌನ ತಡೆಯಲಾರದೆ ನೀವೇ ಉತ್ತರ ಹೇಳಿಬಿಟ್ಟರೆ ಆ ದಿನದ ಸಭೆ ನಿಮ್ಮದಾಗುತ್ತದೆ, ಅವರದ್ದಾಗುವುದಿಲ್ಲ. ಆಮೇಲೆ ಪಕ್ಕದಲ್ಲಿ ಕೂತವರ ಜೊತೆ ಮೂರು ನಿಮಿಷ ಮಾತಾಡಿಕೊಳ್ಳಲು ಹೇಳಿ. ಎಲ್ಲರೆದುರು ಬಾಯಿ ಬಿಡದವರು ಪಕ್ಕದವರ ಹತ್ತಿರ ಖಂಡಿತ ಮಾತಾಡುತ್ತಾರೆ. ಆ ಮೇಲೆ ಒಬ್ಬೊಬ್ಬರಿಂದ ಒಂದೊಂದೇ ಮಾತು, ಸಾಲಾಗಿ. ನಡುವೆ ಯಾರೂ ಸರಿ ತಪ್ಪು ಹೇಳುವಂತಿಲ್ಲ.

ಮೊದಲು ಸುಮ್ಮನೆ ಯೋಚಿಸಿ ಬರೆಯುವುದು, ಆಮೇಲೆ ಸರದಿಯಲ್ಲಿ ಹೇಳುವುದು, ಕೊನೆಗೆ ಒಬ್ಬೊಬ್ಬರೂ ಗುಟ್ಟಾಗಿ ಆರಿಸುವುದು: ಈ ಕ್ರಮವನ್ನು ಅಮೆರಿಕದ ಸಂಶೋಧಕರಾದ ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ 1971ರಲ್ಲಿ ಬರೆದಿಟ್ಟರು. ನಮ್ಮಲ್ಲಿ ಓದು ಬರಹ ಬಾರದವರೂ ಇರುತ್ತಾರೆ. ಹಾಗಾಗಿ ಬರೆಯುವ ಜಾಗದಲ್ಲಿ ಜೋಡಿ ಮಾತು ಇಟ್ಟುಕೊಂಡಿದ್ದೇನೆ. ಆರಿಸುವುದಕ್ಕೆ ಕಾಳು ಸಾಕು. ಪಲ್ಪರ್‌ಗೆ ಒಂದು ಕಾಫಿ ಹಣ್ಣು, ಕಣಕ್ಕೆ ಒಂದು ಇಟ್ಟಿಗೆ ಚೂರು, ಟಾರ್ಪಾಲ್‌ಗೆ ಒಂದು ಪ್ಲಾಸ್ಟಿಕ್ ತುಂಡು ಇಟ್ಟು, ಪ್ರತಿಯೊಂದರ ಪಕ್ಕ ಒಂದು ಡಬ್ಬಿ ಇಡಿ. ಪ್ರತಿಯೊಬ್ಬರ ಕೈಗೂ ಹತ್ತು ಹುರುಳಿ ಕಾಳು ಕೊಡಿ. ಒಬ್ಬೊಬ್ಬರೇ ಹೋಗಿ, ಬೇಕಾದ ಕಡೆ ಬೇಕಾದಷ್ಟು ಹಾಕಿ ಬರಲಿ. ಎಣಿಕೆ ಮಾತ್ರ ಎಲ್ಲರೆದುರು. ಜಾಸ್ತಿ ಎಕರೆ ಇರುವವರಿಗೂ ಹತ್ತೇ ಕಾಳು, ಅರ್ಧ ಎಕರೆಯವರಿಗೂ ಹತ್ತೇ. ಕಾಳು ಎಲ್ಲ ಕಡೆ ಹೆಚ್ಚು ಕಡಿಮೆ ಸಮನಾಗಿ ಬಿದ್ದರೆ ಅವತ್ತು ತೀರ್ಮಾನ ಮಾಡಬೇಡಿ. ಜನ ಇನ್ನೂ ಯೋಚಿಸುತ್ತಿದ್ದಾರೆ ಅಂತ ಅರ್ಥ.

ಹಿರಿಯರ ವಿಷಯಕ್ಕೆ ಬರುತ್ತೇನೆ. ಊರಿನ ದೊಡ್ಡವರು ಮೊದಲು ಮಾತಾಡಿದರೆ ಉಳಿದವರು "ಗೌಡ್ರು ಹೇಳಿದ್ರಲ್ಲ, ಆಯ್ತು ಬಿಡಿ" ಅಂತಾರೆ. ಅಲ್ಲಿಗೆ ಸಭೆ ಮುಗಿಯಿತು. ಹಾಗಂತ ಸಭೆಯಲ್ಲಿ ಅವರನ್ನು ತಡೆದರೆ ಅವಮಾನ ಆಗುತ್ತದೆ. ಅದು ಯಾರಿಗೂ ಒಳ್ಳೆಯದಲ್ಲ. ಹಿಂದಿನ ದಿನವೇ ಅವರ ಮನೆಗೆ ಹೋಗಿ, ಕಾಫಿ ಕುಡಿಯುತ್ತಾ ಕೇಳಿಕೊಳ್ಳಿ: "ಗೌಡ್ರೇ, ನಾಳೆ ನಿಮ್ಮ ಮಾತು ಕೊನೆಗೆ ಬೇಕು. ಎಲ್ಲರದ್ದೂ ಕೇಳಿಸಿಕೊಂಡು ನೀವು ಹೇಳಿ." ಹೀಗೆ ಕೇಳಿದಾಗ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಕೊನೆಯ ಮಾತಿಗೆ ಮರ್ಯಾದೆ ಜಾಸ್ತಿ ಅಲ್ವಾ! ಕಿರಿಯ ಸೊಸೆ, ಕೂಲಿಗೆ ಹೋಗುವವರು, ಹೊಸದಾಗಿ ಸೇರಿದವರು, ಇವರಿಂದ ಸರದಿ ಶುರು ಮಾಡಿ. ಅವರು ಹೇಳಿದ್ದನ್ನು ನಿಮ್ಮ ಮಾತಿಗೆ ತಿರುಗಿಸದೆ, ಅವರದ್ದೇ ಮಾತಿನಲ್ಲಿ ಇನ್ನೊಮ್ಮೆ ಹೇಳಿ, "ಸರಿಯಾಗಿ ಹೇಳಿದ್ನಾ?" ಅಂತ ಕೇಳಿ.

ಹಳೇ ಜಗಳ ಎದ್ದರೆ ಗೋಡೆಗೆ ಒಂದು ಹಾಳೆ ಅಂಟಿಸಿ ಅದರಲ್ಲಿ ಬರೆಯಿರಿ. ಯಾವ ದಿನ ಅದನ್ನು ಮಾತಾಡುತ್ತೇವೆ ಅಂತಲೂ ಪಕ್ಕದಲ್ಲಿ ಬರೆಯಿರಿ. ಆ ದಿನ ಮಾತ್ರ ತಪ್ಪಿಸಬೇಡಿ.

ಈ ಕೆಲಸದಲ್ಲಿ ಕೈ ಪಳಗಬೇಕು ಅಂದರೆ ಒಬ್ಬ ಗೆಳತಿಯನ್ನು ಹಿಂದೆ ಕೂರಿಸಿಕೊಳ್ಳಿ. ಅವರು ಹಾಳೆಯ ಮೇಲೆ ಒಂದು ಸುತ್ತು ಬರೆದು, ಕೂತವರ ಜಾಗದಲ್ಲಿ ಹೆಸರಿನ ಮೊದಲ ಅಕ್ಷರ ಹಾಕಲಿ. ಯಾರು ಮಾತಾಡಿದರೂ ಅವರ ಮುಂದೆ ಒಂದು ಗೀಟು. ಸಭೆ ಮುಗಿದ ಮೇಲೆ ಆ ಹಾಳೆ ನೋಡಿ. ನಿಮ್ಮ ಗೀಟು ಎಷ್ಟು, ಒಂದೂ ಗೀಟು ಇಲ್ಲದವರು ಯಾರು ಅನ್ನುವುದು ಕಣ್ಣಿಗೇ ಕಾಣುತ್ತದೆ. ಮುಂದಿನ ಸಭೆಯ ಮೊದಲ ಮಾತು ಆ ಗೀಟಿಲ್ಲದವರಿಗೆ ಕೊಡಿ. ಯಾವ ತರಬೇತಿಯಲ್ಲೂ ಕಲಿಯದಷ್ಟು ಈ ಹಾಳೆಗಳಿಂದ ಕಲಿಯಬಹುದು.

ನಡಾವಳಿ ಪುಸ್ತಕದ ಬಗ್ಗೆ ನನಗೆ ತುಂಬ ಕಾಳಜಿ. ಖಾಲಿ ಪುಟಕ್ಕೆ ಎಲ್ಲರ ಸಹಿ ಹಾಕಿಸಿಕೊಂಡು, ಆಮೇಲೆ ಮನೆಯಲ್ಲಿ ನಿರ್ಣಯ ಬರೆಯುವ ರೂಢಿ ಹಲವು ಕಡೆ ಇದೆ. ದಯವಿಟ್ಟು ಇದನ್ನು ನಿಲ್ಲಿಸಿ. ಅಲ್ಲೇ ಬರೆಯಿರಿ. ಏನು ಮಾಡಬೇಕು, ಯಾರು ಮಾಡಬೇಕು, ಯಾವ ತಾರೀಕಿಗೆ ಮುಗಿಯಬೇಕು, ಇಷ್ಟೇ ಸಾಕು. "ಸಮಿತಿ ನೋಡಿಕೊಳ್ಳುವುದು" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಒಬ್ಬರ ಹೆಸರು ಇರಲಿ. ಗಟ್ಟಿಯಾಗಿ ಓದಿ ಹೇಳಿ, ಒಪ್ಪಿಗೆ ಕೇಳಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಅವತ್ತೇ ರಾತ್ರಿ ಆ ನಿರ್ಣಯವನ್ನು ಓದಿ, ವಾಟ್ಸಾಪ್ ಗುಂಪಿಗೆ ಧ್ವನಿ ಸಂದೇಶ ಕಳಿಸಿ. ಪುಟದ ಫೋಟೋ ಮಾತ್ರ ಹಾಕಿದರೆ ಓದಲು ಬಾರದವರಿಗೆ ಉಪಯೋಗವಿಲ್ಲ. ಸಭೆಗೆ ಬರಲಾಗದವರ ಮನೆಗೆ ಯಾರು ಹೋಗಿ ಹೇಳಬೇಕು ಅನ್ನುವುದನ್ನೂ ಪುಸ್ತಕ ಮುಚ್ಚುವ ಮುಂಚೆ ಗೊತ್ತು ಮಾಡಿಕೊಳ್ಳಿ.